ಕೊಟ್ಟಿಗೆಯಿಂದ ಕೊಟ್ಟಿಗೆಗೆ: ಚೀಸ್ ಹುಡುಕುತ್ತಾ ಫ್ರಾನ್ಸಿನಲ್ಲಿ 16 ದಿನ

ಅಮ್ಮ ಮೂರು ತಿಂಗಳಿಗೆ ಅಂತ ನಮ್ಮ ಮನೆಗೆ ಬಂದಿದ್ದಳು. ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ನ ಅಪಾರ್ಟ್‌ಮೆಂಟಿನಲ್ಲಿ ಒಂದು ತಿಂಗಳು ಕಳೆಯುವಷ್ಟರಲ್ಲಿ ಅವಳಿಗೆ ಬೇಜಾರು ಶುರುವಾಯಿತು. ಸಾಗರದ ಹತ್ತಿರದ ಹಳ್ಳಿಯಲ್ಲಿ ನಲವತ್ತು ವರ್ಷ ಕೊಟ್ಟಿಗೆ ನೋಡಿಕೊಂಡವಳು ಅವಳು. ಇಲ್ಲಿ ಬೆಳಗ್ಗೆ ಐದಕ್ಕೆ ಎದ್ದು, ಮಾಡಲು ಕೆಲಸವಿಲ್ಲದೆ ಕಿಟಕಿ ಹತ್ತಿರ ಕೂತಿರುತ್ತಿದ್ದಳು.

ನನ್ನ ಗಂಡನಿಗೆ ಚೀಸ್ ಅಂದರೆ ಪ್ರಾಣ. ಮೋಟರ್‌ಹೋಮ್, ಅಂದರೆ ಒಳಗೇ ಹಾಸಿಗೆ, ಅಡುಗೆ ಜಾಗ ಇರುವ ಗಾಡಿ, ಬಾಡಿಗೆಗೆ ತಗೊಂಡು ಫ್ರಾನ್ಸ್ ಸುತ್ತಬೇಕು, ಒಂದೊಂದು ಚೀಸನ್ನೂ ಅದು ಹುಟ್ಟುವ ಊರಲ್ಲೇ ತಿನ್ನಬೇಕು ಅನ್ನೋದು ಅವರ ಬಹಳ ವರ್ಷದ ಆಸೆ. ಜೂನ್‌ನಲ್ಲಿ ಇಬ್ಬರಿಗೂ ರಜೆ ಸಿಕ್ಕಿತು. "ಅತ್ತೆ, ಹಸು ನೋಡೋಕೆ ಹೋಗೋಣ್ವಾ?" ಅಂತ ಅವರು ಕೇಳಿದರು. ಅಮ್ಮ ಅವತ್ತೇ ಸಂಜೆ ಬ್ಯಾಗಿಗೆ ಸ್ವೆಟರ್ ತುಂಬಿದಳು. ಊರಿಂದ ತಂದಿದ್ದ ತೊಡೆದೇವಿನ ಡಬ್ಬವನ್ನೂ ಇಟ್ಟುಕೊಂಡಳು. "ಯಾರ ಮನೆಗಾದ್ರೂ ಹೋದ್ರೆ ಬರಿಗೈಲಿ ಹೋಗೋದು ಹೇಗೆ?" ಅಂದಳು.

ಮೊದಲು ಗಾಡಿ ವಿಷಯ ಹೇಳಿಬಿಡುತ್ತೇನೆ. ಸಾಮಾನ್ಯ ಕಾರ್ ಲೈಸೆನ್ಸ್ ಇದ್ದರೆ 3,500 ಕೆಜಿ ತನಕದ ಮೋಟರ್‌ಹೋಮ್ ಓಡಿಸಬಹುದು. ಈ ತೂಕದಲ್ಲಿ ನೀರು, ಸಾಮಾನು, ಜನ ಎಲ್ಲಾ ಸೇರಿತು. ನಮ್ಮದು ಸುಮಾರು ಏಳು ಮೀಟರ್ ಉದ್ದ, ಮೂರು ಮೀಟರಿಗೆ ಸ್ವಲ್ಪ ಕಡಿಮೆ ಎತ್ತರ. ಎತ್ತರದ ಅಂಕಿಯನ್ನು ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಪಕ್ಕ ಅಂಟಿಸಿಕೊಳ್ಳಿ. ಹಳ್ಳಿಯ ಸೇತುವೆ ಕೆಳಗೆ ನುಗ್ಗುವ ಮೊದಲು ಅದೇ ಬೇಕಾಗುವುದು. ಟೋಲ್‌ನಲ್ಲೂ ಎರಡು ಮೀಟರಿಗಿಂತ ಎತ್ತರದ ಗಾಡಿಗೆ ಕಾರಿಗಿಂತ ಜಾಸ್ತಿ ದರ. ನಾವು ಆದಷ್ಟೂ ಚಿಕ್ಕ ರಸ್ತೆಯಲ್ಲೇ ಹೋದೆವು. ಅಲ್ಲಿ ಮಿತಿ ಗಂಟೆಗೆ 80 ಕಿಲೋಮೀಟರ್, ಕೆಲವು ಜಿಲ್ಲೆಗಳಲ್ಲಿ 90. ಚೀಸ್ ಹುಡುಕುವವರಿಗೆ ಅಷ್ಟು ನಿಧಾನವೇ ಸರಿ, ಯಾಕೆಂದರೆ ಫಾರ್ಮ್‌ಗಳ ಬೋರ್ಡ್ ಎಲ್ಲಾ ಕೈಯಲ್ಲಿ ಬರೆದವು, ಚಿಕ್ಕವು.

ಗಾಡಿ ಒಪ್ಪಿಸುವಾಗ ಒಂದು ಗಂಟೆ ಪಾಠ ಮಾಡಿದರು. ಕುಡಿಯುವ ನೀರಿನ ಟ್ಯಾಂಕ್ ಎಲ್ಲಿ ತುಂಬಿಸೋದು, ಪಾತ್ರೆ ತೊಳೆದ ನೀರು ಎಲ್ಲಿ ಬಿಡೋದು, ಟಾಯ್ಲೆಟ್ಟಿನ ಡಬ್ಬ ಹೇಗೆ ಎಳೆದು ಖಾಲಿ ಮಾಡೋದು, ಗ್ಯಾಸ್ ಸಿಲಿಂಡರ್ ಹೇಗೆ ಬದಲಿಸೋದು. ಟಾಯ್ಲೆಟ್ ಡಬ್ಬದ ಕೆಲಸವನ್ನು ನಾವಿಬ್ಬರೂ ದಿನ ಬಿಟ್ಟು ದಿನ ಹಂಚಿಕೊಂಡೆವು. ಫ್ರಾನ್ಸಿನಲ್ಲಿ ಮೋಟರ್‌ಹೋಮಿಗೆ 'ಕಾಂಪಿಂಗ್ ಕಾರ್' ಅಂತಾರೆ. ಎಷ್ಟೋ ಸಣ್ಣ ಊರುಗಳಲ್ಲಿ ಪಂಚಾಯ್ತಿಯವರೇ ಇವುಗಳಿಗೆ ಜಾಗ ಮಾಡಿರುತ್ತಾರೆ. 'ಏರ್' ಅಂತ ಅದರ ಹೆಸರು. ನಲ್ಲಿ, ಕೊಳಚೆ ನೀರು ಬಿಡುವ ಜಾಲರಿ, ಡಬ್ಬ ಖಾಲಿ ಮಾಡುವ ಗುಂಡಿ ಇರುತ್ತವೆ. ಕೆಲವು ಕಡೆ ನೀರಿಗೆ ಬಿಲ್ಲೆ ಹಾಕಬೇಕು. ಆ ಬಿಲ್ಲೆ ಪಕ್ಕದ ಬೇಕರಿಯಲ್ಲೋ ಹೋಟೆಲಿನಲ್ಲೋ ಸಿಗುತ್ತದೆ. ಬಿಲ್ಲೆ ಕೊಳ್ಳಲು ಹೋದಾಗಲೇ ಊರಿನ ಒಳ್ಳೆ ಚೀಸ್ ಎಲ್ಲಿ ಅಂತ ಕೇಳಿಬಿಡಬಹುದು. ನಮಗೆ ಎರಡು ಒಳ್ಳೆ ಮನೆ ಹಾಗೇ ಸಿಕ್ಕವು.

ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಫ್ರಾನ್ಸ್ ಪ್ಯಾಶನ್. 1993ರಿಂದ ನಡೆಯುತ್ತಿರುವ ವ್ಯವಸ್ಥೆ ಇದು. ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ಸದಸ್ಯರಾದರೆ ಒಂದು ಸ್ಟಿಕ್ಕರ್ ಮತ್ತು ಎರಡು ಸಾವಿರಕ್ಕೂ ಜಾಸ್ತಿ ರೈತರ ಪಟ್ಟಿ ಸಿಗುತ್ತದೆ. ದ್ರಾಕ್ಷಿ ತೋಟದವರು, ಆಡು ಸಾಕಿದವರು, ಚೀಸ್ ಮಾಡುವವರು. ಅವರ ಜಾಗದಲ್ಲಿ 24 ಗಂಟೆ ಗಾಡಿ ನಿಲ್ಲಿಸಿಕೊಂಡು ಮಲಗಬಹುದು, ಬಾಡಿಗೆ ಇಲ್ಲ. ಏನಾದರೂ ಕೊಳ್ಳಲೇಬೇಕು ಅಂತ ಕಟ್ಟುಪಾಡೂ ಇಲ್ಲ. ಹೋಗಿ ನಮಸ್ಕಾರ ಹೇಳಬೇಕು, ಹೊರಡುವಾಗ ಹೇಳಿ ಹೋಗಬೇಕು, ಅಷ್ಟೇ. ನಮ್ಮೂರ ಕಡೆ ದಾರಿ ತಪ್ಪಿ ಬಂದವರಿಗೆ ಜಗಲಿಯಲ್ಲಿ ಮಲಗಲು ಜಾಗ ಕೊಡುತ್ತಿದ್ದರಲ್ಲ, ಅದು ನೆನಪಾಯಿತು.

ಮೊದಲ ದೊಡ್ಡ ನಿಲುಗಡೆ ಜುರಾ ಬೆಟ್ಟಗಳ ಬುಡದ ಪೊಲಿನ್ಯಿ. ಕೊಂತೆ ಚೀಸಿನ ಸೀಮೆ. ಇಲ್ಲಿ ರೈತರು ಸೇರಿ ನಡೆಸುವ ಹಾಲಿನ ಸಂಘಕ್ಕೆ 'ಫ್ರುಯಿತಿಯೆರ್' ಅನ್ನುತ್ತಾರೆ. ಊರಿಗೊಂದು ಅನ್ನುವ ಹಾಗಿವೆ. ಬೆಳಗ್ಗೆ ಎಂಟಕ್ಕೆ ಒಂದರೊಳಗೆ ಹೋಗಿ ಗಾಜಿನಾಚೆ ನಿಂತೆವು. ನಮ್ಮೂರ ಆಲೆಮನೆಯ ಕೊಪ್ಪರಿಗೆ ನೆನಪಿಸುವ ದೊಡ್ಡ ದೊಡ್ಡ ತಾಮ್ರದ ಪಾತ್ರೆಗಳು. ಹಾಲು ಹೆಪ್ಪಾಗಿ ಮೊಸರುಗಡ್ಡೆಯ ಹಾಗೆ ನಿಂತಿತ್ತು. ತಂತಿ ಕಟ್ಟಿದ ಚೌಕಟ್ಟು ಅದರೊಳಗೆ ತಿರುಗುತ್ತಾ ಗಡ್ಡೆಯನ್ನು ಗೋಧಿಕಾಳಿನಷ್ಟು ಚೂರು ಮಾಡಿತು. ಆಮೇಲೆ 53 ಡಿಗ್ರಿಗೂ ಮೇಲೆ ಬಿಸಿ ಮಾಡುತ್ತಾ ಕಲಕುತ್ತಲೇ ಇದ್ದರು. ಚೀಸ್ ಮಾಡುವವನು ಆಗಾಗ ಕೈ ಅದ್ದಿ ಒಂದು ಹಿಡಿ ಕಾಳು ತೆಗೆದು ಮುಷ್ಟಿಯಲ್ಲಿ ಅಮುಕುತ್ತಿದ್ದ. ಅದು ಅಂಟಿ ಉಂಡೆಯಾಗಬೇಕು, ಆದರೆ ಉಜ್ಜಿದರೆ ಮತ್ತೆ ಕಾಳು ಕಾಳಾಗಿ ಬಿಡಬೇಕು. ಆ ಹದ ಯಾವ ಮೀಟರಿನಲ್ಲೂ ಇಲ್ಲ. "ಪಾಕದ ಎಳೆ ನೋಡಿದ ಹಾಗೆ," ಅಂದಳು ಅಮ್ಮ.

ಕೊಂತೆಯನ್ನು ಗಾಡಿಯ ಗಾಲಿಯ ಹಾಗೆ ದುಂಡಗೆ ಮಾಡುತ್ತಾರೆ, ಅಂಥ ಒಂದು ಗಾಲಿ ಸುಮಾರು 40 ಕೆಜಿ. ಅದಕ್ಕೆ ಹತ್ತಿರ ಹತ್ತಿರ 400 ಲೀಟರ್ ಹಾಲು. ಅಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು. "ನಮ್ಮ ಮಲೆನಾಡು ಗಿಡ್ಡ ದಿನಕ್ಕೆ ಮೂರು ಲೀಟರ್ ಅಂದ್ರೂ ನಾಲ್ಕು ತಿಂಗಳ ಮೇಲೆ ಬೇಕು ಕಣೆ, ಇದೊಂದಕ್ಕೆ." ಕೊಂತೆಗೆ ಮೊಂಬೆಲ್ಯಾರ್ ಮತ್ತು ಫ್ರೆಂಚ್ ಸಿಮೆಂಟಾಲ್ ತಳಿಯ ಹಾಲು ಮಾತ್ರ ಆಗುತ್ತದೆ. ಹಸಿ ಹಾಲೇ ಆಗಬೇಕು. ಹುಳಿ ಬರಿಸಿದ ಮೇವು, ಅಂದರೆ ಸೈಲೇಜ್, ಕೊಡುವ ಹಾಗಿಲ್ಲ. ಬೇಸಿಗೆಯಲ್ಲಿ ಹಸಿಹುಲ್ಲು, ಚಳಿಗಾಲದಲ್ಲಿ ಒಣಹುಲ್ಲು. ನಾಲ್ಕು ತಿಂಗಳಾದರೂ ಮಾಗಬೇಕು. ಕೊನೆಗೆ ಇಪ್ಪತ್ತಕ್ಕೆ ಅಂಕ ಹಾಕುತ್ತಾರೆ, 12ಕ್ಕಿಂತ ಕಡಿಮೆ ಬಂದ ಗಾಲಿಗೆ ಕೊಂತೆ ಅನ್ನೋ ಹೆಸರೇ ಇಲ್ಲ. ಇಷ್ಟೆಲ್ಲಾ ನಿಯಮ ಬರೆದಿಟ್ಟಿರೋದು ಎಒಪಿ ಅನ್ನುವ, ಹುಟ್ಟಿದ ಸೀಮೆಯ ಹೆಸರನ್ನು ಕಾಯುವ ಗುರುತಿಗಾಗಿ. ನಂಜನಗೂಡು ರಸಬಾಳೆಗೆ, ಮೈಸೂರು ಮಲ್ಲಿಗೆಗೆ ಜಿಐ ಕೊಟ್ಟಿದ್ದಾರಲ್ಲ, ಅಂಥದ್ದೇ. ಆದರೆ ಇಲ್ಲಿ ಹಸು ಏನು ತಿನ್ನಬೇಕು ಅನ್ನುವ ತನಕ ಕಟ್ಟು ಇದೆ.

ಮಾಗಿಸುವ ನೆಲಮಾಳಿಗೆಯಲ್ಲಿ ನೋಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮರದ ಹಲಗೆಗಳ ಮೇಲೆ ಗಾಲಿಗಳು ಚಾವಣಿ ತನಕ. ಕೆಲಸದವರ ಕೈಲಿ ಒಂದು ಸಣ್ಣ ಉಪಕರಣ. ಒಂದು ತುದಿ ಪುಟ್ಟ ಸುತ್ತಿಗೆ, ಇನ್ನೊಂದು ತುದಿ ಟೊಳ್ಳು ಕೊಳವೆ. ಸುತ್ತಿಗೆಯಿಂದ ಗಾಲಿಯ ಮೇಲೆ ಟಕ್ ಟಕ್ ಅಂತ ಬಡಿಯುತ್ತಾ, ಕಿವಿ ಹತ್ತಿರ ತಂದು ಸದ್ದು ಕೇಳುತ್ತಾರೆ. ಒಳಗೆ ಬಿರುಕಿದ್ದರೆ ಸದ್ದು ಬೇರೆ. ಆಮೇಲೆ ಕೊಳವೆ ಚುಚ್ಚಿ ತಿರುಗಿಸಿ, ಪೆನ್ಸಿಲ್ಲಿನಷ್ಟು ದಪ್ಪದ ತುಂಡು ಹೊರಗೆ ಎಳೆಯುತ್ತಾರೆ. ತುದಿಯಿಂದ ಚೂರು ಮುರಿದು, ಬೆರಳಲ್ಲಿ ಉಜ್ಜಿ, ಮೂಸಿ, ಬಾಯಿಗೆ ಹಾಕಿಕೊಳ್ಳುತ್ತಾರೆ. ಉಳಿದದ್ದನ್ನು ಅದೇ ತೂತಿಗೆ ತುರುಕಿ, ಮೇಲೆ ಬೆರಳಲ್ಲಿ ಸವರಿದರೆ ಗಾಯ ಮುಚ್ಚಿಹೋಯಿತು. ಅಮ್ಮ ಹಲಸಿನಕಾಯಿ ಬಲಿತಿದೆಯಾ ಅಂತ ಬಡಿದು ನೋಡುವವಳು. ಅವಳಿಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ.

ಅಲ್ಲೇ ಅವಳು ಕೇಳಬೇಕಾದ್ದನ್ನು ಕೇಳಿದಳು. "ಹೆಪ್ಪಿಗೆ ಏನು ಹಾಕ್ತಾರೆ? ಮಜ್ಜಿಗೇನಾ?"

ನನ್ನ ಗಂಡ ತಮಗೆ ಬರುವಷ್ಟು ಫ್ರೆಂಚಿನಲ್ಲಿ ಕೇಳಿದರು. ಉತ್ತರ ನನಗೆ ಮೊದಲೇ ಗೊತ್ತಿತ್ತು, ಹೇಳುವ ಧೈರ್ಯ ಬಂದಿರಲಿಲ್ಲ. ಹಾಲು ಕುಡಿಯುವ ಎಳೆಗರುವಿನ ಹೊಟ್ಟೆಯ ಒಳಪದರದಿಂದ ತೆಗೆದ ರೆನೆಟ್. ಅಮ್ಮ ಕೈಯಲ್ಲಿದ್ದ ಚೀಸ್ ತುಂಡನ್ನು ಮೆತ್ತಗೆ ತಟ್ಟೆಯಲ್ಲಿಟ್ಟಳು. "ನೀವು ತಿನ್ನಿ. ನಂಗೆ ಬೇಡ," ಅಂದಳು. ಮುಖದಲ್ಲಿ ಸಿಟ್ಟಿರಲಿಲ್ಲ.

ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಸಸ್ಯಾಹಾರಿಗಳು ಎಷ್ಟೋ ಜನ ಗೊತ್ತಿಲ್ಲದೆ ತಿನ್ನುತ್ತಾರೆ. ಊರಲ್ಲಿ ಹಸಿರು ಚುಕ್ಕೆ ನೋಡಿ ಚೀಸ್ ಕೊಂಡು ನಮಗೆ ಅಭ್ಯಾಸ. ಫ್ರಾನ್ಸಿನಲ್ಲಿ ಆ ಚುಕ್ಕೆ ಇಲ್ಲ. ಅಲ್ಲಿನ ಎಒಪಿ ಚೀಸ್‌ಗಳಲ್ಲಿ ಹೆಚ್ಚಿನವಕ್ಕೆ ಪ್ರಾಣಿ ರೆನೆಟ್ಟೇ ಹಾಕುತ್ತಾರೆ, ಕೊಂತೆ, ರೊಕ್‌ಫೋರ್, ಕಾಮೆಂಬೆರ್ ಎಲ್ಲಾ. ಲೇಬಲ್‌ನಲ್ಲಿ 'ಪ್ರೆಝ್ಯೂರ್' ಅಂತ ಇದ್ದರೆ ಅದು ಪ್ರಾಣಿಯದು. ಬರೀ 'ಕೊಆಗ್ಯುಲಾಂ' ಅಂತಿದ್ದರೆ ಸಾಮಾನ್ಯವಾಗಿ ಬೇರೆ ಮೂಲದ್ದು, ಆದರೂ ಒಂದು ಮಾತು ಕೇಳಿಕೊಳ್ಳಿ. ನಾನು ಸಸ್ಯಾಹಾರಿ ಮನೆಯಲ್ಲಿ ಬೆಳೆದವಳು. ಈ ಪ್ರವಾಸದಲ್ಲಿ ತಿಳಿದೇ ತಿಂದೆ. ಅಮ್ಮ ತಿನ್ನಲಿಲ್ಲ. ಅದರಿಂದ ನಮ್ಮಿಬ್ಬರ ಮಧ್ಯೆ ಏನೂ ಕೆಡಲಿಲ್ಲ. ಅವಳಿಗೆ ಬೆಣ್ಣೆ ಇತ್ತು, ಕೆನೆ ಇತ್ತು, ಗಾಡಿಯಲ್ಲೇ ಹೆಪ್ಪು ಹಾಕಿದ ಮೊಸರಿತ್ತು. ಅವಳು ತಿನ್ನದೆಯೇ ಪ್ರತಿ ಚೀಸನ್ನೂ ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಳು. ಎರಡು ಕೊಂತೆ ತುಂಡುಗಳನ್ನು ಮುಂದಿಟ್ಟಾಗ, "ಈ ಹಳದಿದು ಹಸಿಹುಲ್ಲಿನ ಹಾಲು, ಆ ಬಿಳಿದು ಒಣಹುಲ್ಲಿಂದು," ಅಂತ ನೋಡಿಯೇ ಹೇಳಿದಳು. ಅಂಗಡಿಯವರು ತಲೆದೂಗಿದರು.

ಇನ್ನೊಂದು ಮಾತು. ನಿಘಂಟಿನಲ್ಲಿ ಚೀಸ್‌ಗೆ ಗಿಣ್ಣು ಅಂತ ಬರೆದಿರುತ್ತಾರೆ. ಅಮ್ಮ ಅದನ್ನು ಒಪ್ಪಲಿಲ್ಲ. ಗಿಣ್ಣಿಗೆ ಕರು ಹಾಕಿದ ಮೊದಲ ದಿನಗಳ ಹಾಲೇ ಬೇಕು, ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಬೇಕು. ಅದಕ್ಕೆ ಹೆಪ್ಪು ಬೇಡ, ಕಾಯುವುದೂ ಬೇಡ. ಅವಳ ಮಾತೇ ಸರಿ ಅಂತ ನಾನೂ ಚೀಸ್ ಅಂತಲೇ ಬರೆಯುತ್ತಿದ್ದೇನೆ.

ಜುರಾದಿಂದ ಓವೆರ್ನ್ಯ್ ಕಡೆಗೆ ಎರಡು ದಿನ. ಅಲ್ಲೊಂದು ತಪ್ಪು ಮಾಡಿದೆವು, ನಿಮಗೆ ಆಗದಿರಲಿ ಅಂತ ಹೇಳುತ್ತೇನೆ. ಬೆಟ್ಟದ ಪಕ್ಕದ ಪಾರ್ಕಿಂಗಿನಲ್ಲಿ, ನೋಟ ಚೆನ್ನಾಗಿದೆ ಅಂತ ಇಳಿಜಾರಿನಲ್ಲೇ ಗಾಡಿ ನಿಲ್ಲಿಸಿ ಮಧ್ಯಾಹ್ನದಿಂದ ರಾತ್ರಿ ತನಕ ಇದ್ದೆವು. ಗ್ಯಾಸಿನಲ್ಲಿ ನಡೆಯುವ ಫ್ರಿಜ್ ಸಮತಟ್ಟಾಗಿದ್ದರೆ ಮಾತ್ರ ತಂಪು ಮಾಡುತ್ತದೆ. ಬಾಡಿಗೆಗೆ ಕೊಟ್ಟವರು ಅದನ್ನು ಹೇಳಿರಲಿಲ್ಲ. ಬೆಳಗ್ಗೆ ಕಾಫಿಗೆ ಹಾಲು ಕಾಯಿಸಿದರೆ ಒಡೆಯಿತು. ಮೆತ್ತನೆಯ ಚೀಸ್ ಎರಡು ಬೆವರಿ ಹರಿದುಹೋಗಿದ್ದವು. ಅಮ್ಮ ಒಡೆದ ಹಾಲನ್ನು ಬಟ್ಟೆಯಲ್ಲಿ ಸೋಸಿ, ಸಕ್ಕರೆ ಹಾಕಿ ಬಾಡಿಸಿ, ಏಲಕ್ಕಿ ಪುಡಿ ಉದುರಿಸಿದಳು. ಆ ಬೆಳಗಿನ ತಿಂಡಿ ಅದೇ ಆಯಿತು. ಚಕ್ರದ ಕೆಳಗೆ ಇಡುವ ಪ್ಲಾಸ್ಟಿಕ್ ಮೆಟ್ಟಿಲು ಗಾಡಿಯಲ್ಲೇ ಇತ್ತು. ಅವತ್ತಿನಿಂದ ಎಲ್ಲಿ ನಿಲ್ಲಿಸಿದರೂ ಮೊದಲು ಲೋಟದಲ್ಲಿ ನೀರಿಟ್ಟು ಮಟ್ಟ ನೋಡುತ್ತಿದ್ದೆವು.

ಈಗ ಸಾಲೆರ್‌ಗೆ ಬರುತ್ತೇನೆ. ಈ ಬರಹ ಬರೆಯಲು ಕೂತದ್ದೇ ಇದಕ್ಕಾಗಿ.

ಓವೆರ್ನ್ಯ್ ಸೀಮೆಯ ಕಾಂತಾಲ್ ಬೆಟ್ಟಗಳು ಹಳೆಯ ಜ್ವಾಲಾಮುಖಿ. ಮರ ಕಡಿಮೆ, ಹುಲ್ಲು ಜಾಸ್ತಿ. ಕುದುರೆಮುಖದ ಬೋಳುಗುಡ್ಡ ನೋಡಿದವರಿಗೆ ಆ ಹಸಿರು ಗೊತ್ತಿರುತ್ತದೆ. ಸಾಲೆರ್ ಅನ್ನೋದು ಅಲ್ಲಿನ ಒಂದು ಊರಿನ ಹೆಸರು, ಒಂದು ಹಸುವಿನ ತಳಿಯ ಹೆಸರು, ಒಂದು ಚೀಸಿನ ಹೆಸರು ಕೂಡ. ಚೀಸನ್ನು ಫಾರ್ಮಿನಲ್ಲೇ ಮಾಡಬೇಕು, ಕಾರ್ಖಾನೆಯಲ್ಲಿ ಮಾಡುವ ಹಾಗಿಲ್ಲ. ಅದೂ ಏಪ್ರಿಲ್ 15ರಿಂದ ನವೆಂಬರ್ 15ರ ತನಕ, ಹಸುಗಳು ಹಸಿಹುಲ್ಲು ಮೇಯುವ ದಿನಗಳಲ್ಲಿ ಮಾತ್ರ. ಅದೇ ಹಾಲಿನಲ್ಲಿ ಉಳಿದ ತಿಂಗಳು ಮಾಡಿದರೆ ಅದಕ್ಕೆ ಸಾಲೆರ್ ಅನ್ನುವ ಹೆಸರಿಲ್ಲ. ಈಗ ಹಲವು ಫಾರ್ಮಿನವರು ಬೇರೆ ತಳಿಯ ಹಾಲು ಬಳಸುತ್ತಾರೆ, ಅದಕ್ಕೆ ಅನುಮತಿ ಇದೆ. ಸಾಲೆರ್ ಹಸುವಿನ ಹಾಲಿನಲ್ಲೇ ಮಾಡಿದ್ದಕ್ಕೆ 'ಟ್ರಾದಿಸಿಯೋಂ ಸಾಲೆರ್' ಅಂತಾರೆ. ಅಂಥವರು ಕೆಲವೇ ಮನೆಯವರು. ಯಾಕೆ ಕಡಿಮೆ ಅನ್ನುವುದು ನಮಗೆ ಸಂಜೆ ಕೊಟ್ಟಿಗೆಯಲ್ಲಿ ಗೊತ್ತಾಯಿತು.

ಫಾರ್ಮಿನ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಮಟ್ಟ ನೋಡಿ, ಹೋಗಿ ನಮಸ್ಕಾರ ಹೇಳಿದೆವು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಗಂಬೂಟು ಹಾಕಿಕೊಂಡು ಕರೆಯಲು ಹೊರಟಿದ್ದಳು. ಬನ್ನಿ ಅಂತ ಕೈ ಮಾಡಿದಳು. ಹಸುಗಳು ಗಾಢ ಕೆಂಪು, ಮೈಮೇಲೆ ಗುಂಗುರು ಕೂದಲು, ಹೊರಕ್ಕೂ ಮೇಲಕ್ಕೂ ಬಾಗಿದ ಉದ್ದ ಕೊಂಬು. ಕರುಗಳು ಪಕ್ಕದ ದೊಡ್ಡಿಯಲ್ಲಿ ಕೂಗುತ್ತಿದ್ದವು. ಅವಳು ಬಾಗಿಲು ತೆಗೆದು ಒಂದು ಹೆಸರು ಕರೆದಳು. ಒಂದೇ ಕರು ಹೊರಗೆ ಬಂತು! ಓಡಿಹೋಗಿ ಆ ಸಾಲಿನಲ್ಲಿ ತನ್ನ ತಾಯಿಯ ಕೆಳಗೇ ನುಗ್ಗಿ ಕೆಚ್ಚಲು ಗುದ್ದಿತು. ನಾಲ್ಕು ಗುಟುಕು ಕುಡಿಯಲು ಬಿಟ್ಟು, ಎಳೆದು, ತಾಯಿಯ ಮುಂಗಾಲಿನ ಹತ್ತಿರ ಕಟ್ಟಿದಳು. ಸೊಂಟದ ಚೀಲದಿಂದ ಒಂದು ಹಿಡಿ ಉಪ್ಪು ತೆಗೆದು ಕರುವಿನ ಬೆನ್ನಿಗೆ ಉಜ್ಜಿದಳು. ತಾಯಿ ಬಗ್ಗಿ ನೆಕ್ಕಲು ಶುರು ಮಾಡಿತು. ಆಗ ಕೆಚ್ಚಲಿಗೆ ಯಂತ್ರ ಸೇರಿಸಿದಳು.

"ಸೊರ ಬಿಡ್ತು ನೋಡು!" ಅಂದಳು ಅಮ್ಮ. ಅವಳ ದನಿ ಬದಲಾಗಿತ್ತು.

ಸಾಲೆರ್ ಹಸು ಕರು ಪಕ್ಕದಲ್ಲಿಲ್ಲದಿದ್ದರೆ ಹಾಲು ಇಳಿಸುವುದಿಲ್ಲ. ನಮ್ಮ ಗಿಡ್ಡ ತಳಿಯದೂ ಇದೇ ಸ್ವಭಾವ. ಕರು ಬಿಡಬೇಕು, ಕಟ್ಟಬೇಕು, ಕರೆಯಬೇಕು, ಮತ್ತೆ ಬಿಡಬೇಕು. ಕಪ್ಪು ಬಿಳಿ ಹಸು ಯಂತ್ರ ಕಂಡರೆ ಸಾಕು ಹಾಲು ಕೊಡುತ್ತದೆ, ಅದಕ್ಕೇ ಎಲ್ಲರೂ ಅದರ ಕಡೆ ಹೋದರು. ಇಲ್ಲಿ ಒಂದೊಂದು ಹಸುವಿಗೂ ಒಂದೊಂದು ಕರು, ಒಂದೊಂದು ಹೆಸರು, ಒಂದೊಂದು ಹಿಡಿ ಉಪ್ಪು, ದಿನಕ್ಕೆ ಎರಡು ಸಲ. ಕರುವಿಗೂ ಪಾಲು ಬಿಡಬೇಕು.

ಮೂರನೇ ಹಸುವಿನ ಹೊತ್ತಿಗೆ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕರು ಹಿಡಿದು ನಿಂತಿದ್ದಳು. ಆ ಹುಡುಗಿ ಉಪ್ಪಿನ ಚೀಲವನ್ನು ಅವಳ ಕಡೆ ಚಾಚಿದಳು. ಇಬ್ಬರಿಗೂ ಇನ್ನೊಬ್ಬರ ಭಾಷೆಯ ಒಂದು ಅಕ್ಷರವೂ ಬರದು. ಅಮ್ಮ ಕನ್ನಡದಲ್ಲೇ, "ಬಾ ಪುಟ್ಟಾ, ಬಾ, ಆಯ್ತು, ಈಗ ಬಿಡ್ತೀನಿ," ಅಂತ ಕರುವಿನ ಗಂಗೆದೊಗಲು ಸವರುತ್ತಿದ್ದಳು. ಆ ಹುಡುಗಿ ಫ್ರೆಂಚಿನಲ್ಲಿ ಅದನ್ನೇ ಹೇಳುತ್ತಿದ್ದಳು ಅಂತ ಕಾಣುತ್ತದೆ, ದನಿ ಹಾಗೇ ಇತ್ತು. ನಾನು ಬಾಗಿಲಿಗೆ ಒರಗಿ ನೋಡುತ್ತಾ ನಿಂತೆ. ಅಪ್ಪ ತೀರಿಕೊಂಡು, ಹಸುಗಳನ್ನು ಕೊಟ್ಟುಬಿಟ್ಟ ಮೇಲೆ ಅಮ್ಮನ ಕೈ ಕರುವಿನ ಮೈಮೇಲೆ ಇರುವುದನ್ನು ನಾನು ನೋಡಿರಲಿಲ್ಲ.

ಕರೆದ ಹಾಲನ್ನು ಅಲ್ಲೇ ಬಿಸಿ ಆರುವ ಮೊದಲೇ 'ಜೆರ್ಲ್' ಅನ್ನುವ ಮರದ ತೊಟ್ಟಿಗೆ ಸುರಿಯುತ್ತಾರೆ. ಚೆಸ್ಟ್‌ನಟ್ ಮರದ ಹಲಗೆಗಳನ್ನು ಪಟ್ಟಿ ಹಾಕಿ ಬಿಗಿದ ದೊಡ್ಡ ಪೀಪಾಯಿ. ಸಾಲೆರ್ ಚೀಸಿಗೆ ಈ ತೊಟ್ಟಿ ಕಡ್ಡಾಯ. ಹುಳಿ ಬರಿಸುವ ಸೂಕ್ಷ್ಮಜೀವಿಗಳು ಮರದ ಎಳೆಯಲ್ಲೇ ಮನೆ ಮಾಡಿಕೊಂಡಿರುತ್ತವೆ, ಹಾಲು ಬಿದ್ದೊಡನೆ ಕೆಲಸ ಶುರು ಮಾಡುತ್ತವೆ. ಹೊರಗಿನಿಂದ ಬೇರೆ ಹುಳಿ ಹಾಕಬೇಕಾಗಿಲ್ಲ. ರೆನೆಟ್ ಮಾತ್ರ ಹಾಕುತ್ತಾರೆ. ಅಮ್ಮ ತೊಟ್ಟಿಯ ಅಂಚನ್ನು ಬೆರಳಲ್ಲಿ ಮುಟ್ಟಿ ಮೂಸಿದಳು. ಹಳೇ ಮೊಸರಿನ ಗಡಿಗೆಯ ವಾಸನೆ ಅಂದಳು. ನಾನೂ ಮೂಸಿದೆ. ಹೌದು, ಅಜ್ಜಿಮನೆಯ ಅಡುಗೆಮನೆಯ ಮೂಲೆ.

ರಾತ್ರಿ ಆ ಹುಡುಗಿ ಗಾಡಿಗೆ ಬಂದಳು, ಒಂದು ಚೊಂಬು ಹಾಲು, ಒಂದು ಮುದ್ದೆ ಬೆಣ್ಣೆ ತಂದಿದ್ದಳು. ಅಮ್ಮ ಹಾಲು ಕಾಯಿಸಿ, ತೊಡೆದೇವಿನ ಡಬ್ಬ ತೆಗೆದು, ಪದರ ಮುರಿಯದ ಹಾಗೆ ತಟ್ಟೆಯಲ್ಲಿಟ್ಟು ಮೇಲೆ ಬಿಸಿ ಹಾಲು ಹೊಯ್ದಳು. ಆ ಹುಡುಗಿ ಮೊದಲ ತುತ್ತು ತಿಂದು ಕಣ್ಣು ಮುಚ್ಚಿದಳು. ನಮ್ಮ ಮುಂದೆ ಒಂದು ವರ್ಷ ಮಾಗಿದ ಸಾಲೆರ್ ತುಂಡಿಟ್ಟಳು. ಸಿಪ್ಪೆ ನೋಡಿದರೆ ಹಾವಸೆ ಕಟ್ಟಿದ ಹಳೇ ಕಲ್ಲು, ಕೆಂಪು, ಬೂದಿ, ಹಳದಿ. ಒಳಗೆ ಬಂಗಾರದ ಬಣ್ಣ. ಬಾಯಿಗೆ ಹಾಕಿದರೆ ಮೊದಲು ಪುಡಿಯಾಗುತ್ತದೆ, ಆಮೇಲೆ ಕರಗುತ್ತದೆ. ಹುಲ್ಲು, ಹುರಿದ ಕಾಳು, ಕೊನೆಗೆ ನಾಲಿಗೆಯ ಬದಿಯಲ್ಲಿ ಸಣ್ಣ ಖಾರ. ಐಂಡ್‌ಹೋವನ್‌ನ ಅಂಗಡಿಯಲ್ಲೂ ಸಾಲೆರ್ ತಿಂದಿದ್ದೆ. ಆದರೆ ಅವತ್ತು ತಿಂದಾಗ ಆ ಕರುವಿನ ಬೆನ್ನಿನ ಉಪ್ಪು, ಆ ತೊಟ್ಟಿಯ ವಾಸನೆ ಎಲ್ಲಾ ಅದರೊಳಗಿತ್ತು.

ಬೆಳಗ್ಗೆ ಐದೂಮುಕ್ಕಾಲಿಗೆ ಎಚ್ಚರವಾದಾಗ ಅಮ್ಮನ ಹಾಸಿಗೆ ಖಾಲಿ. ಕೊಟ್ಟಿಗೆಯಲ್ಲಿದ್ದಳು. ಒಂದು ರಾತ್ರಿಗೆ ಅಂತ ಹೋದವರು, ಆ ಮನೆಯವರೇ ಇರಿ ಅಂದದ್ದಕ್ಕೆ ಮೂರು ರಾತ್ರಿ ಉಳಿದೆವು.

ಅಲ್ಲಿಂದ ದಕ್ಷಿಣಕ್ಕೆ ಓಬ್ರಾಕ್ ಪ್ರಸ್ಥಭೂಮಿ ದಾಟಿ ರೊಕ್‌ಫೋರ್. ದಾರಿಯಲ್ಲಿ ಮಿಯೋ ಸೇತುವೆ, 2004ರಲ್ಲಿ ತೆರೆದದ್ದು, ಕಂಬದ ತುದಿ 343 ಮೀಟರ್ ಎತ್ತರದಲ್ಲಿ. ರೊಕ್‌ಫೋರ್ ಸುರ್ ಸುಲ್ಜೋಂ ಕೊಂಬಾಲು ಬೆಟ್ಟದ ಬದಿಗೆ ಅಂಟಿಕೊಂಡ ಸಣ್ಣ ಊರು. ಬೆಟ್ಟ ಕುಸಿದಾಗ ಉಂಟಾದ ಬಿರುಕುಗಳಿಂದ ತಣ್ಣನೆಯ ತೇವದ ಗಾಳಿ ಗುಹೆಗಳ ಒಳಗೆ ಬೀಸುತ್ತಲೇ ಇರುತ್ತದೆ. ಆ ಬಿರುಕಿಗೆ 'ಫ್ಲೆರಿನ್' ಅಂತಾರೆ. ಅಮ್ಮ ಅದರ ಮುಂದೆ ಕೈಯೊಡ್ಡಿ ನಿಂತಳು, ಜೂನ್ ಬಿಸಿಲಿನಿಂದ ಬಂದ ನಮಗೆ ಅದು ಫ್ರಿಜ್ ಬಾಗಿಲು ತೆಗೆದ ಹಾಗಿತ್ತು. ಲಾಕೋನ್ ಕುರಿಯ ಹಸಿ ಹಾಲಿನ ಈ ಚೀಸಿಗೆ ನೀಲಿ ಬೂಷ್ಟು ಬರುವುದು ಈ ಗುಹೆಗಳಲ್ಲಿ. ಇಲ್ಲೇ ಮಾಗಿಸುವ ಹಕ್ಕನ್ನು 1411ರಲ್ಲಿ ದೊರೆ ಆರನೇ ಚಾರ್ಲ್ಸ್ ಈ ಊರಿಗೆ ಬರೆದುಕೊಟ್ಟ. 1925ರಲ್ಲಿ ಫ್ರಾನ್ಸಿನಲ್ಲಿ ಹೆಸರಿನ ರಕ್ಷಣೆ ಸಿಕ್ಕ ಮೊದಲ ಚೀಸ್ ಕೂಡ ಇದೇ. ಗುಹೆ ನೋಡುವಂಥದ್ದು. ಆದರೆ ಪ್ರವಾಸಿಗಳ ಗುಂಪಿನಲ್ಲಿ ಹೋಗಿ ಗುಂಪಿನಲ್ಲಿ ಬರಬೇಕು, ಮಾಡುವವರ ಕೈ ಕಾಣುವುದಿಲ್ಲ. ಸಾಲೆರ್ ನೋಡಿದ ಮೇಲೆ ನನಗೆ ಅದು ಕಡಿಮೆ ಅನ್ನಿಸಿತು.

ಲುವಾರ್ ಕಡೆ ಆಡಿನ ಚೀಸ್. ಒಂದೇ ದಿನ ಇದ್ದೆವು. ಸ್ಯಾಂತ್ ಮೋರ್ ಅನ್ನುವುದು ಕೋಲಿನ ಹಾಗೆ ಉದ್ದ, ಮೇಲೆ ಬೂದಿ ಸವರಿರುತ್ತಾರೆ. ಮಧ್ಯದಲ್ಲಿ ಒಂದು ರೈ ಹುಲ್ಲಿನ ಕಡ್ಡಿ, ಮುರಿಯದಿರಲಿ ಅಂತ. ಆ ಕಡ್ಡಿಯನ್ನು ಎಳೆದು ನೋಡಿದರೆ ಅದರ ಮೇಲೆ ಚೀಸಿನ ಹೆಸರು, ಮಾಡಿದವರ ಗುರುತು ಕೊರೆದಿರುತ್ತದೆ. ನಾನು ಒಂದು ಕಡ್ಡಿಯನ್ನು ಡೈರಿಯೊಳಗೆ ಇಟ್ಟುಕೊಂಡಿದ್ದೇನೆ.

ಕೊನೆಗೆ ನಾರ್ಮಂಡಿ. ಕಾಮೆಂಬೆರ್ ಅನ್ನೋದು ನಿಜವಾಗಿ ಒಂದು ಪುಟ್ಟ ಹಳ್ಳಿ. ಪಕ್ಕದ ವಿಮುತಿಯೆ ಊರಿನಲ್ಲಿ ಮರೀ ಆರೆಲ್ ಎಂಬ ರೈತ ಮಹಿಳೆಯ ಪ್ರತಿಮೆ ಇದೆ. 1791ರ ಹೊತ್ತಿಗೆ ಈ ಚೀಸ್ ಮಾಡಿದವಳು ಅವಳೇ ಅಂತ ಊರವರು ಹೇಳುತ್ತಾರೆ. ಮೊದಲ ಪ್ರತಿಮೆ 1944ರ ಬಾಂಬ್ ದಾಳಿಯಲ್ಲಿ ಹಾಳಾಯಿತು. ಈಗಿರುವುದನ್ನು ಅಮೆರಿಕದ ಒಹಾಯೋ ರಾಜ್ಯದ ಚೀಸ್ ಕಾರ್ಮಿಕರು ಚಂದಾ ಎತ್ತಿ ಮಾಡಿಸಿಕೊಟ್ಟರಂತೆ. ಚೀಸ್ ಮಾಡಿದ ಹೆಣ್ಣಿಗೆ ಊರ ನಡುವೆ ಪ್ರತಿಮೆ! ಅಮ್ಮ ಅದರ ಮುಂದೆ ಫೋಟೊ ತೆಗೆಸಿಕೊಂಡಳು, ಇಡೀ ಪ್ರವಾಸದಲ್ಲಿ ಅವಳಾಗಿ ಕೇಳಿ ತೆಗೆಸಿಕೊಂಡ ಒಂದೇ ಫೋಟೊ.

ಇಲ್ಲಿ ಕೊಳ್ಳುವಾಗ ಲೇಬಲ್ ನಿಧಾನವಾಗಿ ಓದಬೇಕು. 'ಕಾಮೆಂಬೆರ್ ದ ನಾರ್ಮಂದಿ' ಅಂತ ಇದ್ದು ಎಒಪಿ ಗುರುತಿದ್ದರೆ ಅದು ಹಸಿ ಹಾಲಿನದು, ಸೌಟಿನಲ್ಲಿ ತೋಡಿ ತೋಡಿ ಅಚ್ಚಿಗೆ ತುಂಬಿದ್ದು. ಒಂದು ಸೌಟು ಹಾಕಿ, ನೀರು ಇಳಿಯಲು ಬಿಟ್ಟು, ಮತ್ತೊಂದು ಸೌಟು. 22 ದಿನವಾದರೂ ಆಗಿರಬೇಕು. ತೂಕ 250 ಗ್ರಾಂ. ಅಂಗಡಿಯವರು ಮೊದಲು ಕೇಳುವುದು 'ಇವತ್ತಿಗಾ, ನಾಳೆಗಾ?' ಅಂತ. ತಿನ್ನುವ ದಿನ ಹೇಳಿದರೆ ಅವರೇ ಪೆಟ್ಟಿಗೆ ತೆಗೆದು ಮಧ್ಯದಲ್ಲಿ ಹೆಬ್ಬೆರಳು ಒತ್ತಿ ನೋಡಿ ಆರಿಸಿ ಕೊಡುತ್ತಾರೆ. ಮುಚ್ಚಿದ ಕಣ್ಣಿನ ಮೇಲೆ ಬೆರಳಿಟ್ಟ ಹಾಗೆ ಮೆತ್ತಗಿದ್ದರೆ ಇವತ್ತೇ ತಿನ್ನಬೇಕು. ಅಂಗಡಿಗೆ ಕಾಲಿಟ್ಟ ಕೂಡಲೇ 'ಬೋಂಜೂರ್' ಅನ್ನಲು ಮರೆಯಬೇಡಿ. ಅದು ಹೇಳದೆ ಏನು ಕೇಳಿದರೂ ಅವರಿಗೆ ಒರಟು ಅನ್ನಿಸುತ್ತದೆ.

ಅಮ್ಮನಿಗೆ ಇಲ್ಲಿ ಹಬ್ಬ. ಇಸಿನ್ಯಿ ಬೆಣ್ಣೆ, ಇಸಿನ್ಯಿ ಕೆನೆ, ಎರಡಕ್ಕೂ ಎಒಪಿ ಗುರುತಿದೆ. ಬೆಣ್ಣೆಯಲ್ಲಿ ಅರ್ಧ ಕೆಜಿ ಕಾಸಿ ತುಪ್ಪ ಮಾಡಿದಳು. ಗಾಡಿ ತುಂಬಾ ಊರಿನ ವಾಸನೆ.

ಇಟ್ಟುಕೊಳ್ಳುವ ವಿಷಯದಲ್ಲಿ ಕಲಿತದ್ದು ಇಷ್ಟು. ಚೀಸನ್ನು ಅಂಗಡಿಯ ಕಾಗದದಲ್ಲೇ ಬಿಡಿ, ಪ್ಲಾಸ್ಟಿಕ್ ಸುತ್ತಬೇಡಿ, ಬೆವರುತ್ತದೆ. ಮುಚ್ಚಳದ ಡಬ್ಬದಲ್ಲಿಟ್ಟು ಫ್ರಿಜ್ಜಿನ ತೀರಾ ತಣ್ಣಗಿಲ್ಲದ ಭಾಗದಲ್ಲಿಡಿ, ಇಲ್ಲದಿದ್ದರೆ ಹಾಲಿಗೆಲ್ಲಾ ವಾಸನೆ ಹಿಡಿಯುತ್ತದೆ. ತಿನ್ನುವ ಒಂದು ಗಂಟೆ ಮುಂಚೆ ಹೊರಗೆ ತೆಗೆಯಿರಿ. ಮನೆಗೆ ಒಯ್ಯುವುದಾದರೆ ಕೊಂತೆ, ಸಾಲೆರ್‌ನಂಥ ಗಟ್ಟಿ ಚೀಸನ್ನು ಗಾಳಿ ತೆಗೆದು ಪ್ಯಾಕ್ ಮಾಡಿಕೊಡಲು ಕೇಳಿ, ಎಷ್ಟೋ ಅಂಗಡಿಗಳಲ್ಲಿ ಮಾಡಿಕೊಡುತ್ತಾರೆ. ಬಸುರಿಯರು, ಪುಟ್ಟ ಮಕ್ಕಳು ಹಸಿ ಹಾಲಿನ ಮೆತ್ತನೆ ಚೀಸ್ ತಿನ್ನದಿರುವುದೇ ಒಳ್ಳೆಯದು, ಅದರಲ್ಲಿ ಸೋಂಕಿನ ಅಪಾಯ ಇದೆ.

ಅಮ್ಮ ಆಗಸ್ಟಿನಲ್ಲಿ ಊರಿಗೆ ವಾಪಸು ಹೋದಳು. ನಮ್ಮ ಫ್ರಿಜ್ಜಿನಲ್ಲಿ ಸಾಲೆರ್ ತುಂಡೊಂದು ಅಕ್ಟೋಬರ್ ತನಕ ಇತ್ತು. ನವೆಂಬರಿನಲ್ಲಿ ಒಂದು ದಿನ, ಇಲ್ಲಿ ಇನ್ನೂ ಕತ್ತಲೆ, ಅಮ್ಮನ ಫೋನ್ ಬಂತು. ಏನಾಯಿತೋ ಅಂತ ಗಾಬರಿಯಲ್ಲಿ ಎತ್ತಿದೆ.

"ಏನಿಲ್ಲ ಕಣೆ. ಇವತ್ತು ಹದಿನೈದನೇ ತಾರೀಕು ಅಲ್ವಾ? ಆ ಹುಡುಗಿ ಮನೇಲಿ ಇವತ್ತೇ ಕೊನೆ ಚೀಸು. ತೊಟ್ಟಿ ತೊಳೆದು ಬೋರಲು ಹಾಕಿರ್ತಾಳೆ. ಕರುಗಳು ದೊಡ್ಡವಾಗಿರ್ತಾವೆ. ಒಂದು ಫೋನ್ ಮಾಡಿ ವಿಚಾರಿಸೇ."